ಧನು ರಾಶಿಯ ನೀಹಾರಿಕೆ, ನಕ್ಷತ್ರಗುಚ್ಛಗಳನ್ನು ಹುಡುಕುವುದು ಹೇಗೆ? ಸಣ್ಣ ಟೆಲಿಸ್ಕೋಪ್ ಇರುವವರಿಗೆ ಹಂತ ಹಂತದ ಮಾರ್ಗದರ್ಶಿ

"ಚಂದ್ರನ ಕುಳಿ ನೋಡಿಯಾಯಿತು, ಶನಿಯ ಬಳೆ ನೋಡಿಯಾಯಿತು. ನೀಹಾರಿಕೆ ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ." ಟೆಲಿಸ್ಕೋಪ್ ಕೊಂಡ ಕೆಲವೇ ತಿಂಗಳಲ್ಲಿ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು (ನೀಹಾರಿಕೆ ಎಂದರೆ ಅನಿಲ, ಧೂಳಿನ ಮೋಡ). ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಸಿಕ್ಕಿತು, ಆದರೆ ಬರೀ ಬೂದು ಮಸುಕು. ಟೆಲಿಸ್ಕೋಪ್ ಸರಿಯಿಲ್ಲವೇ?" ನಿಮ್ಮ ಟೆಲಿಸ್ಕೋಪ್ ಸರಿಯಾಗಿಯೇ ಇದೆ. ಮೊದಲ ಪ್ರಶ್ನೆಗೆ ಕಾರಣ ಹೆಚ್ಚಾಗಿ ಅತಿಯಾದ ವರ್ಧನೆ. ಎರಡನೆಯದಕ್ಕೆ ಕಾರಣ ಅವಸರ. ಎರಡನ್ನೂ ಒಟ್ಟಿಗೆ ಸರಿಪಡಿಸಿಕೊಳ್ಳಲು ಧನು ರಾಶಿಯಂಥ ಜಾಗ ಆಕಾಶದಲ್ಲಿ ಇನ್ನೊಂದಿಲ್ಲ.

ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ಈ ದಿಕ್ಕಿನಲ್ಲೇ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ. ಹಾಗಾಗಿ ಧನುವಿನ ಕಡೆ ನೋಡುವುದೆಂದರೆ ಗೆಲಾಕ್ಸಿಯ ಅತ್ಯಂತ ದಟ್ಟ ಭಾಗದ ಕಡೆ ನೋಡಿದಂತೆ. ಹದಿನೆಂಟನೇ ಶತಮಾನದ ಫ್ರೆಂಚ್ ಖಗೋಳಜ್ಞ ಚಾರ್ಲ್ಸ್ ಮೆಸ್ಸಿಯೇ ಮಾಡಿದ ಪಟ್ಟಿಯಲ್ಲಿ 110 ಕಾಯಗಳಿವೆ; ಅವುಗಳಲ್ಲಿ 15 ಈ ಒಂದೇ ರಾಶಿಯಲ್ಲಿವೆ. ಬೇರೆ ಯಾವ ರಾಶಿಯಲ್ಲೂ ಇಷ್ಟಿಲ್ಲ. ಈ ಲೇಖನದಲ್ಲಿ "ಎಂ 8", "ಎಂ 22" ಎಂದು ಬರುವುದೆಲ್ಲ ಆ ಪಟ್ಟಿಯ ಸಂಖ್ಯೆಗಳು. "ಎನ್‌ಜಿಸಿ" ಎಂಬುದು ಆಮೇಲೆ ಬಂದ, ಇನ್ನೂ ದೊಡ್ಡ ಪಟ್ಟಿ.

ಹದಿನೈದನ್ನೂ ಒಂದೇ ರಾತ್ರಿ ಮುಗಿಸುವ ಹಟ ಬೇಡ. ಮೊದಲ ರಾತ್ರಿಗೆ ಐದಾರು ಸಾಕು. ಒಂದೊಂದಕ್ಕೂ ಹತ್ತು ನಿಮಿಷ ಕೊಟ್ಟರೆ, ಪಟ್ಟಿಗೆ ಟಿಕ್ ಹಾಕುತ್ತಾ ಓಡುವವರಿಗಿಂತ ಹೆಚ್ಚು ಕಾಣುತ್ತದೆ.

ಏನೇನು ಬೇಕು

ಟೆಲಿಸ್ಕೋಪ್: 70 ಅಥವಾ 80 ಮಿ.ಮೀ. ಲೆನ್ಸ್ ಇರುವ ವಕ್ರೀಭವನ ದೂರದರ್ಶಕದಿಂದಲೂ ಕೆಳಗೆ ಹೇಳಿರುವ ಅರ್ಧಕ್ಕಿಂತ ಹೆಚ್ಚು ಕಾಯಗಳು ಕಾಣುತ್ತವೆ. 6 ಅಥವಾ 8 ಇಂಚಿನ ಕನ್ನಡಿಯ ಡಾಬ್ಸೋನಿಯನ್ ಇದ್ದರೆ ಬಹುತೇಕ ಎಲ್ಲವೂ. (ಡಾಬ್ಸೋನಿಯನ್ ಎಂದರೆ ಮೋಟಾರಿಲ್ಲದೆ ಕೈಯಲ್ಲೇ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸುವ ಸರಳ ಸ್ಟ್ಯಾಂಡಿನ ಪ್ರತಿಫಲನ ದೂರದರ್ಶಕ.)

ಐಪೀಸ್: ಕಣ್ಣಿಡುವ ಕಡೆಯ ಲೆನ್ಸ್. ಎರಡು ಸಾಕು: 25 ಅಥವಾ 30 ಮಿ.ಮೀ.ಯದೊಂದು, 10 ಮಿ.ಮೀ. ಆಸುಪಾಸಿನದೊಂದು. ಟೆಲಿಸ್ಕೋಪಿನ ಸಂಗಮದೂರವನ್ನು (ಲೆನ್ಸ್ ಅಥವಾ ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಬಿಂದುವಿಗಿರುವ ದೂರ) ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಸಂಗಮದೂರ 1200 ಮಿ.ಮೀ. ಇದ್ದು 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು. ಸಾಮಾನ್ಯ ಐಪೀಸಿನಲ್ಲಿ ಆಗ ಸುಮಾರು ಒಂದು ಡಿಗ್ರಿ ಆಕಾಶ ಕಾಣುತ್ತದೆ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕದಲ್ಲಿಟ್ಟಷ್ಟು ಅಗಲ. ಪೆಟ್ಟಿಗೆಯಲ್ಲಿ ಉಚಿತವಾಗಿ ಬರುವ 4 ಮಿ.ಮೀ. ಐಪೀಸ್ ಮತ್ತು ಬಾರ್ಲೋ ಲೆನ್ಸನ್ನು (ವರ್ಧನೆ ಹೆಚ್ಚಿಸುವ ಲೆನ್ಸ್) ಈ ಕೆಲಸಕ್ಕೆ ಪೆಟ್ಟಿಗೆಯಲ್ಲೇ ಬಿಡಿ.

ಬೈನಾಕ್ಯುಲರ್: 10×50 ಇದ್ದರೆ ಜೊತೆಗಿರಲಿ. ಟೆಲಿಸ್ಕೋಪಿಗಿಂತ ಮೊದಲು ಇದರಲ್ಲಿ ದಾರಿ ನೋಡಿಕೊಂಡರೆ ಹುಡುಕಾಟ ಅರ್ಧ ಮುಗಿದ ಹಾಗೆ.

ನಕ್ಷೆ: ಕಾಗದದ್ದಾದರೂ ಸರಿ, ಸ್ಟೆಲೇರಿಯಂ ಥರದ ಆ್ಯಪ್ ಆದರೂ ಸರಿ. ಮೊಬೈಲ್ ಬಳಸುವುದಾದರೆ ರಾತ್ರಿ ಮೋಡ್ ಹಾಕಿ, ಬೆಳಕನ್ನು ಕನಿಷ್ಠಕ್ಕಿಳಿಸಿ. ಕೆಂಪು ಪರದೆಯೂ ಜೋರಾಗಿ ಉರಿದರೆ ಕಣ್ಣನ್ನು ಕೆಡಿಸುತ್ತದೆ. ನಡುವೆ ಬರುವ ಒಂದು ಮೆಸೇಜಿನ ಬಿಳಿ ಬೆಳಕು ಅರ್ಧ ಗಂಟೆಯ ತಯಾರಿಯನ್ನು ನೀರಿಗೆ ಹಾಕೀತು. ಇಂಟರ್ನೆಟ್ ಆಫ್ ಮಾಡಿಬಿಡಿ.

ಫಿಲ್ಟರ್: ಕಡ್ಡಾಯವಲ್ಲ. ಆದರೆ ಏನನ್ನಾದರೂ ಕೊಳ್ಳುವ ಆಸೆಯಿದ್ದರೆ ಮೂರನೆಯ ಐಪೀಸಿಗಿಂತ ಮೊದಲು ಒಂದು ಯುಎಚ್‌ಸಿ ಫಿಲ್ಟರ್ ಕೊಳ್ಳಿ. ಅನಿಲ ನೀಹಾರಿಕೆಗಳು ಹೊಮ್ಮಿಸುವ ಆಮ್ಲಜನಕ, ಜಲಜನಕದ ಕೆಲವು ಬಣ್ಣಗಳನ್ನಷ್ಟೇ ಒಳಬಿಟ್ಟು ಉಳಿದ ಬೆಳಕನ್ನು ಇದು ತಡೆಯುತ್ತದೆ. ಓ-3 ಎಂಬುದು ಇನ್ನೂ ಕಟ್ಟುನಿಟ್ಟು, ಆಮ್ಲಜನಕದ ಗೆರೆಗಳನ್ನು ಮಾತ್ರ ಬಿಡುತ್ತದೆ. ನಕ್ಷತ್ರಗುಚ್ಛ, ಗೆಲಾಕ್ಸಿಗಳಿಗೆ ಎರಡೂ ಪ್ರಯೋಜನವಿಲ್ಲ. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಫಿಲ್ಟರ್ ಹಾಕಿದರೆ ಅವು ಮಂಕಾಗುತ್ತವೆ, ಅಷ್ಟೇ.

ಹಂತ 1: ತಿಂಗಳು, ಗಂಟೆ, ಎತ್ತರ ನೋಡಿಕೊಳ್ಳಿ

ಧನು ರಾಶಿ ಜುಲೈ ಆರಂಭದಲ್ಲಿ ನಡುರಾತ್ರಿಗೆ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ ಬರುತ್ತದೆ. ಮುಂದೆ ತಿಂಗಳಿಗೆ ಎರಡು ಗಂಟೆಯಂತೆ ಬೇಗ: ಆಗಸ್ಟ್ ಆರಂಭದಲ್ಲಿ ರಾತ್ರಿ ಹತ್ತಕ್ಕೆ, ಸೆಪ್ಟೆಂಬರ್ ಆರಂಭದಲ್ಲಿ ಎಂಟಕ್ಕೆ. ಮಳೆ ಮೋಡದ ಕಾಲ ಕಾಡುವ ಕಡೆಯವರು ಹಿಂದಕ್ಕೆ ಲೆಕ್ಕ ಹಾಕಿ. ಮೇ ಆರಂಭದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಇದೇ ಆಕಾಶ ಸಿಗುತ್ತದೆ.

ಎತ್ತರದ ಲೆಕ್ಕ ಸುಲಭ. ಉತ್ತರಾರ್ಧಗೋಳದಲ್ಲಿದ್ದರೆ 90ರಿಂದ ನಿಮ್ಮ ಅಕ್ಷಾಂಶ ಕಳೆಯಿರಿ, ಇನ್ನೊಂದು 24 ಕಳೆಯಿರಿ. ಉಳಿದದ್ದು ಎಂ 8, ಎಂ 22 ಏರುವ ಗರಿಷ್ಠ ಎತ್ತರ. 15 ಡಿಗ್ರಿ ಅಕ್ಷಾಂಶದಲ್ಲಿ 51 ಡಿಗ್ರಿ, 50 ಡಿಗ್ರಿ ಅಕ್ಷಾಂಶದಲ್ಲಿ ಬರೀ 16. ಸಮಭಾಜಕದ ಹತ್ತಿರ ಇರುವವರಿಗೆ ಈ ರಾಶಿ ವರದಾನ ಎನ್ನುವುದು ಇದಕ್ಕೇ. ಎತ್ತರ 20 ಡಿಗ್ರಿಗಿಂತ ಕಡಿಮೆಯಿದ್ದಾಗ ನೀವು ದಪ್ಪ ಗಾಳಿಯ ಪದರದ ಮೂಲಕ ನೋಡುತ್ತಿರುತ್ತೀರಿ. ನೀಹಾರಿಕೆಯ ಬೆಳಕಿನ ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ.

ಚಂದ್ರ ಇರುವ ರಾತ್ರಿ ಬೇಡ. ಅಮಾವಾಸ್ಯೆಯ ಹಿಂದಿನ ಮುಂದಿನ ವಾರ ಆರಿಸಿಕೊಳ್ಳಿ. ಊರಿನ ದೀಪಗಳ ಗುಮ್ಮಟ ನಿಮ್ಮ ಬೆನ್ನ ಹಿಂದೆ, ಅಂದರೆ ಉತ್ತರಕ್ಕೆ ಬೀಳುವ ಜಾಗ ಸಿಕ್ಕರೆ ಉತ್ತಮ.

ಹಂತ 2: ಟೆಲಿಸ್ಕೋಪ್ ತಣಿಯಲಿ, ಕಣ್ಣು ಕತ್ತಲಿಗೆ ಒಗ್ಗಲಿ

ಟೆಲಿಸ್ಕೋಪನ್ನು ನೋಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ. ಕನ್ನಡಿ ಬೆಚ್ಚಗಿದ್ದರೆ ಕೊಳವೆಯೊಳಗೆ ಗಾಳಿ ಅಲುಗಿ ನಕ್ಷತ್ರಗಳು ಚುಕ್ಕಿಯಾಗಿ ಕೂರುವುದಿಲ್ಲ. ಎಂ 22ರಂಥ ಗುಚ್ಛದಲ್ಲಿ ಇದರ ವ್ಯತ್ಯಾಸ ಎದ್ದು ಕಾಣುತ್ತದೆ.

ಆ ಮುಕ್ಕಾಲು ಗಂಟೆ ನಿಮ್ಮ ಕಣ್ಣಿಗೂ ಬೇಕು. ಪಾಪೆ ಕೆಲವೇ ಕ್ಷಣದಲ್ಲಿ ಹಿಗ್ಗುತ್ತದೆ, ನಿಜ. ಆದರೆ ಅಕ್ಷಿಪಟಲದ ಕಂಬಿಕೋಶಗಳು (ಮಂದ ಬೆಳಕನ್ನು ಹಿಡಿಯುವ ಕೋಶಗಳು) ಪೂರ್ತಿ ಚುರುಕಾಗಲು ಅರ್ಧ ಗಂಟೆ ಹಿಡಿಯುತ್ತದೆ. ಕಂಬಿಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಫೋಟೋಗಳಲ್ಲಿ ಕಡುಗುಲಾಬಿಯಾಗಿ ಕಾಣುವ ನೀಹಾರಿಕೆ ಐಪೀಸಿನಲ್ಲಿ ಬೂದುಬಣ್ಣಕ್ಕೆ ತಿರುಗುವುದು ಇದರಿಂದ. ಎಷ್ಟು ದುಬಾರಿ ಟೆಲಿಸ್ಕೋಪ್ ಕೊಂಡರೂ ಈ ಮಾತು ಬಹುಮಟ್ಟಿಗೆ ಬದಲಾಗದು.

ಕಂಬಿಕೋಶಗಳು ಅಕ್ಷಿಪಟಲದ ನಟ್ಟನಡುವೆ ಇರುವುದಿಲ್ಲ, ಸುತ್ತ ಹರಡಿವೆ. ಹಾಗಾಗಿ ಮಂದ ಕಾಯವನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ದೃಷ್ಟಿಯನ್ನು ತುಸು ಪಕ್ಕಕ್ಕೆ ನೆಟ್ಟು, ಗಮನವನ್ನು ಮಾತ್ರ ಕಾಯದ ಮೇಲಿಡಿ. ಇದಕ್ಕೆ ಓರೆನೋಟ ಎನ್ನೋಣ. ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟುವುದೂ ಒಳ್ಳೆಯ ಉಪಾಯ: ಅಲುಗುವ ಮಂದ ವಸ್ತು ನಿಂತ ವಸ್ತುವಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಹಂತ 3: ಟೀಪಾಟ್ ಗುರುತಿಸಿ

ವೃಶ್ಚಿಕದ ಕೊಂಡಿ, ಅಂದರೆ ಮೂಲಾ ನಕ್ಷತ್ರ, ನಿಮಗೆ ಗೊತ್ತಿದ್ದರೆ ಅಲ್ಲಿಂದ ಒಂದು ಮುಷ್ಟಿಯಷ್ಟು ಈಶಾನ್ಯಕ್ಕೆ ಬನ್ನಿ. (ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು 5 ಡಿಗ್ರಿ, ಕಿರುಬೆರಳು 1 ಡಿಗ್ರಿ. ಇವತ್ತಿನ ಅಳತೆಪಟ್ಟಿ ಇದೇ.) ಅಲ್ಲಿ ಎಂಟು ನಕ್ಷತ್ರಗಳು ಸೇರಿ ಟೀಪಾಟಿನ ಆಕಾರ ಮಾಡಿವೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮೂತಿ ಬಲಕ್ಕೆ, ಹಿಡಿ ಎಡಕ್ಕೆ.

ಈ ಐದು ನಕ್ಷತ್ರಗಳನ್ನು ಹೆಸರು ಹಿಡಿದು (ಗ್ರೀಕ್ ಅಕ್ಷರಗಳೇ ಇವುಗಳ ಹೆಸರು) ಗುರುತಿಸಿಕೊಳ್ಳಿ, ಮುಂದಿನ ಎಲ್ಲ ಹಂತಕ್ಕೂ ಬೇಕು. ಮೂತಿಯ ತುದಿ ಗ್ಯಾಮಾ. ತಳದ ಬಲಮೂಲೆ ಎಪ್ಸಿಲಾನ್, ರಾಶಿಯಲ್ಲೇ ಅತ್ಯಂತ ಪ್ರಕಾಶಮಾನ. ತಳದ ಎಡಮೂಲೆ ಜೀಟಾ. ಮುಚ್ಚಳದ ತುದಿ ಲ್ಯಾಂಬ್ಡಾ. ಮುಚ್ಚಳದಿಂದ ಐದೂವರೆ ಡಿಗ್ರಿ ವಾಯವ್ಯಕ್ಕೆ, ಟೀಪಾಟಿನ ಹೊರಗೆ, ಒಂಟಿಯಾಗಿ ಮಿನುಗುವ ಮ್ಯೂ. ಪಂಚಾಂಗದ ಕಣ್ಣಿನಿಂದ ನೋಡುವವರಿಗೆ ಇನ್ನೊಂದು ಗುರುತು: ಮೂತಿಯ ಪಕ್ಕದ ಡೆಲ್ಟಾ ಪೂರ್ವಾಷಾಢಕ್ಕೆ ಸೇರಿದ್ದು, ಹಿಡಿಯಲ್ಲಿ ಹೊಳೆಯುವ ಸಿಗ್ಮಾ ಉತ್ತರಾಷಾಢ.

ಬಹಳ ಜನ ಎಡವುವ ಜಾಗ ಇಲ್ಲೇ ಇದೆ. ನಕ್ಷೆಯಲ್ಲಿ ಎಡಕ್ಕೆ ಎಂದಿರುವುದು ಐಪೀಸಿನಲ್ಲಿ ಎಡಕ್ಕೇ ಇರುವುದಿಲ್ಲ. ಡಾಬ್ಸೋನಿಯನ್ನಿನಲ್ಲಿ ಚಿತ್ರ ತಲೆಕೆಳಗು. ಮೂಲೆಕನ್ನಡಿ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿ) ಹಾಕಿದ ವಕ್ರೀಭವನ ದೂರದರ್ಶಕದಲ್ಲಿ ಎಡಬಲ ಅದಲುಬದಲು. ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ಟೆಲಿಸ್ಕೋಪನ್ನು ಮುಟ್ಟದೆ ಬಿಟ್ಟರೆ (ಮೋಟಾರಿದ್ದರೆ ನಿಲ್ಲಿಸಿ) ನಕ್ಷತ್ರಗಳು ಒಂದು ಅಂಚಿನಿಂದ ಹೊರಹೋಗುತ್ತವೆ, ಅದು ಪಶ್ಚಿಮ. ಕೊಳವೆಯನ್ನು ಧ್ರುವ ನಕ್ಷತ್ರದ ಕಡೆಗೆ ಕೂದಲೆಳೆಯಷ್ಟು ತಳ್ಳಿ. ಹೊಸ ನಕ್ಷತ್ರಗಳು ಒಳಬರುವ ಅಂಚು ಉತ್ತರ.

ಹಂತ 4: ಎಂ 22ರಿಂದ ಶುರು ಮಾಡಿ

ಬಹುತೇಕ ಪುಸ್ತಕಗಳು ಎಂ 8ರಿಂದ ಶುರು ಮಾಡುತ್ತವೆ. ನನ್ನ ಸಲಹೆ ಎಂ 22. ಇದು ಗೋಳೀಯ ನಕ್ಷತ್ರಗುಚ್ಛ, ಅಂದರೆ ಲಕ್ಷಾಂತರ ಹಳೆಯ ನಕ್ಷತ್ರಗಳು ಗುರುತ್ವದಿಂದ ಒಟ್ಟಾಗಿ ಹಿಡಿದಿಟ್ಟ ಗೋಳ. ಸ್ವಲ್ಪ ಬೆಳಕಿನ ಮಾಲಿನ್ಯವಿದ್ದರೂ ಕೈಕೊಡುವುದಿಲ್ಲ, ಗುರಿ ಹಿಡಿಯುವುದೂ ಸುಲಭ. ಮೊದಲ ಗುರಿಯೇ ಸಿಕ್ಕರೆ ರಾತ್ರಿಯ ಉತ್ಸಾಹ ಉಳಿಯುತ್ತದೆ.

ಅತಿ ಕಡಿಮೆ ವರ್ಧನೆಯ ಐಪೀಸ್ ಹಾಕಿ ಲ್ಯಾಂಬ್ಡಾವನ್ನು ನಡುವಿಗೆ ತನ್ನಿ. ಅಲ್ಲಿಂದ ಎರಡೂವರೆ ಡಿಗ್ರಿಯಷ್ಟು ಈಶಾನ್ಯಕ್ಕೆ ಸರಿಯಿರಿ. ಗುರಿದರ್ಶಕದಲ್ಲೇ (ಟೆಲಿಸ್ಕೋಪಿನ ಮೇಲೆ ಕೂರಿಸಿದ ಪುಟ್ಟ ದೂರದರ್ಶಕ) ಇದು ಫೋಕಸ್ ತಪ್ಪಿದ ನಕ್ಷತ್ರದಂತೆ ಕಾಣುತ್ತದೆ. ಇದರ ಕಾಂತಿಮಾನ 5.1. (ಕಾಂತಿಮಾನ ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ, ಕತ್ತಲ ಆಕಾಶದಲ್ಲಿ ಬರಿಗಣ್ಣಿನ ಮಿತಿ ಸುಮಾರು 6.) ಎಲ್ಲರೂ ಹೊಗಳುವ ಗೋಳೀಯ ಗುಚ್ಛ ಎಂ 13ಕ್ಕಿಂತಲೂ ಇದು ಪ್ರಕಾಶಮಾನ. ಉತ್ತರದ ದೇಶಗಳಿಂದ ಬಾನಂಚಿಗೆ ಅಂಟಿಕೊಂಡಂತೆ ಕಾಣುವುದರಿಂದಲೇ ಇದಕ್ಕೆ ಆ ಹೆಸರು ಬಂದಿಲ್ಲ.

ಈಗ ಐಪೀಸ್ ಬದಲಿಸಿ. ಗೋಳೀಯ ಗುಚ್ಛಗಳ ವಿಷಯದಲ್ಲಿ ವರ್ಧನೆ ನಿಮ್ಮ ಮಿತ್ರ, 100ರಿಂದ 150 ಪಟ್ಟಿನವರೆಗೂ ಹೋಗಬಹುದು. 80 ಮಿ.ಮೀ.ಯಲ್ಲಿ ಅಂಚು ಹರಿದ, ಕಾಳುಕಾಳಾದ ಮಬ್ಬು ಕಾಣುತ್ತದೆ. ಓರೆನೋಟಕ್ಕೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹೊಳೆದು ಮರೆಯಾಗುತ್ತದೆ. 8 ಇಂಚಿನಲ್ಲಿ ಗುಚ್ಛ ನಡುವಿನವರೆಗೂ ಒಡೆದು ನೂರಾರು ಚುಕ್ಕಿಗಳಾಗುತ್ತದೆ. ಆಕಾರ ಪೂರ್ತಿ ಗುಂಡಗಿಲ್ಲ, ತುಸು ಚಪ್ಪಟೆ. ಅದು ನಿಮ್ಮ ಕಣ್ಣಿನ ಭ್ರಮೆಯಲ್ಲ, ಗುಚ್ಛ ಇರುವುದೇ ಹಾಗೆ. ದೂರ ಸುಮಾರು 10,500 ಜ್ಯೋತಿರ್ವರ್ಷ, ಗೋಳೀಯ ಗುಚ್ಛಗಳಲ್ಲಿ ಇದು ತೀರಾ ಹತ್ತಿರದ್ದು. ನಕ್ಷತ್ರಗಳು ಇಷ್ಟು ಸುಲಭವಾಗಿ ಬಿಡಿಬಿಡಿಯಾಗುವುದಕ್ಕೆ ಅದೇ ಕಾರಣ.

ಲ್ಯಾಂಬ್ಡಾಗೆ ಹಿಂತಿರುಗಿ, ಒಂದು ಡಿಗ್ರಿಗಿಂತ ಕಡಿಮೆ ವಾಯವ್ಯಕ್ಕೆ ಸರಿದರೆ ಎಂ 28. ಕಡಿಮೆ ವರ್ಧನೆಯಲ್ಲಿ ಲ್ಯಾಂಬ್ಡಾ, ಎಂ 28 ಎರಡೂ ಒಂದೇ ನೋಟದಲ್ಲಿ ಬರುತ್ತವೆ. ಇದೂ ಗೋಳೀಯ ಗುಚ್ಛವೇ, ಆದರೆ ಚಿಕ್ಕದು, ಬಿಗಿಯಾದದ್ದು, 18,000 ಜ್ಯೋತಿರ್ವರ್ಷ ದೂರದ್ದು. ಎಂ 22 ನೋಡಿದ ತಕ್ಷಣ ಇದನ್ನು ನೋಡಿ. ದೂರ ಹೆಚ್ಚಿದರೆ ಗುಚ್ಛದ ನೋಟ ಹೇಗೆ ಬದಲಾಗುತ್ತದೆ ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ.

ಹಂತ 5: ಲಗೂನ್ ಮತ್ತು ಟ್ರಿಫಿಡ್

ಲ್ಯಾಂಬ್ಡಾದಿಂದ ಐದೂವರೆ ಡಿಗ್ರಿ ಪಶ್ಚಿಮಕ್ಕೆ, ಅಥವಾ ಮೂತಿಯ ಗ್ಯಾಮಾದಿಂದ ಆರು ಡಿಗ್ರಿ ನೇರ ಉತ್ತರಕ್ಕೆ ಎಂ 8 ಇದೆ: ಲಗೂನ್ ನೀಹಾರಿಕೆ. ಕತ್ತಲ ಊರಿನಲ್ಲಿ ಬರಿಗಣ್ಣಿಗೇ ಆಕಾಶಗಂಗೆಯ ಮೇಲೊಂದು ಗಂಟಿನಂತೆ ಕಾಣುತ್ತದೆ. ಇಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ, ಅವುಗಳ ಅತಿನೇರಳೆ ಕಿರಣಗಳಿಂದ ಅನಿಲ ಹೊಳೆಯುತ್ತಿದೆ.

ಐಪೀಸಿಗೆ ಕಣ್ಣಿಟ್ಟ ತಕ್ಷಣ ಕಾಣುವುದು ನೀಹಾರಿಕೆಯಲ್ಲ, ಪೂರ್ವ ಭಾಗದ ಇಪ್ಪತ್ತು ಮೂವತ್ತು ನಕ್ಷತ್ರಗಳ ಗುಂಪು. ಇದು ಎನ್‌ಜಿಸಿ 6530, ಅದೇ ಮೋಡದಲ್ಲಿ ಹುಟ್ಟಿದ ತೆರೆದ ಗುಚ್ಛ (ಸಡಿಲವಾಗಿ ಹರಡಿದ ಎಳೆಯ ನಕ್ಷತ್ರಗಳ ಗುಂಪು). ಹೊಸಬರು ಇಲ್ಲೇ ಮೋಸಹೋಗಿ, ನಕ್ಷತ್ರ ಬಿಟ್ಟು ಬೇರೇನೂ ಇಲ್ಲವಲ್ಲ ಎಂದು ಮುಂದೆ ಹೋಗಿಬಿಡುತ್ತಾರೆ. ನಿಲ್ಲಿ. ಗುಂಪಿನ ಪಶ್ಚಿಮಕ್ಕೆ ಆರನೇ ಕಾಂತಿಮಾನದ ಒಂದು ನಕ್ಷತ್ರವಿದೆ, ಅದರ ಹೆಸರು 9 ಸ್ಯಾಜಿಟೇರಿ. ಅದರ ಒತ್ತಿನಲ್ಲೇ ಇಡೀ ನೀಹಾರಿಕೆಯ ಅತಿ ಪ್ರಕಾಶಮಾನ ತುಣುಕಿದೆ. ಅದು ಕಣ್ಣಿಗೆ ಕೂತ ಮೇಲೆ ಓರೆನೋಟದಲ್ಲಿ ಹೊರಹೊರಕ್ಕೆ ಬನ್ನಿ. ಗುಚ್ಛಕ್ಕೂ ಈ ಹೊಳಪಿಗೂ ನಡುವೆ ಓರೆಯಾಗಿ ಹಾದುಹೋಗುವ ಕಪ್ಪು ಕಾಲುವೆ ಮೊದಲು ಅನುಮಾನದಂತೆ, ಆಮೇಲೆ ಖಚಿತವಾಗಿ ಕಾಣುತ್ತದೆ. ಅದೇ ಲಗೂನ್. ಅಲ್ಲಿ ಕತ್ತಲೆಯಿರುವುದು ಖಾಲಿ ಜಾಗದಿಂದಲ್ಲ, ಮುಂದೆ ಅಡ್ಡ ನಿಂತ ಧೂಳಿನಿಂದ.

ಈಗ ಯುಎಚ್‌ಸಿ ಫಿಲ್ಟರ್ ಹಾಕಿ. ನಕ್ಷತ್ರಗಳು ಹಿಂದೆ ಸರಿಯುತ್ತವೆ, ಮಬ್ಬು ಎರಡು ಪಟ್ಟು ಹರಡಿಕೊಳ್ಳುತ್ತದೆ. ಪೂರ್ತಿ ನೀಹಾರಿಕೆ ಒಂದೂವರೆ ಡಿಗ್ರಿಯಷ್ಟು ಉದ್ದ, ಅಂದರೆ 48 ಪಟ್ಟಿನ ಐಪೀಸಿನಲ್ಲೂ ಹಿಡಿಸುವುದಿಲ್ಲ. ವರ್ಧನೆ ಇನ್ನೂ ಹೆಚ್ಚಿಸಿದರೆ ನೀವು ಮೋಡದ ಒಳಗೇ ಇರುತ್ತೀರಿ. ಅಂಚು ಕಾಣದ ಮೋಡ ಬರೀ ಬೂದು ಹಿನ್ನೆಲೆಯಂತೆ ತೋರುತ್ತದೆ. ಸಿಗುತ್ತಿಲ್ಲ ಎನ್ನುವವರಲ್ಲಿ ಅರ್ಧ ಜನರ ಟೆಲಿಸ್ಕೋಪ್ ಆ ಹೊತ್ತಿಗೆ ಸರಿಯಾಗಿ ನೀಹಾರಿಕೆಯ ಕಡೆಗೇ ತಿರುಗಿರುತ್ತದೆ. ಫಿಲ್ಟರಿನ ಜೊತೆಗಂತೂ ಕಡಿಮೆ ವರ್ಧನೆಯೇ ಇರಲಿ. ಮೊದಲೇ ಕಡಿಮೆಯಾದ ಬೆಳಕನ್ನು ಹಿಗ್ಗಿಸಿ ಇನ್ನಷ್ಟು ತೆಳುವಾಗಿಸಬೇಡಿ.

ಎಂ 8ರಿಂದ ಒಂದೂವರೆ ಡಿಗ್ರಿ ಉತ್ತರಕ್ಕೆ ಎಂ 20, ಟ್ರಿಫಿಡ್. ಇದರ ಬಗ್ಗೆ ನಿರೀಕ್ಷೆ ಇಳಿಸಿಕೊಂಡೇ ಹೋಗಿ. ಸಣ್ಣ ಟೆಲಿಸ್ಕೋಪಿನಲ್ಲಿ ಏಳನೇ ಕಾಂತಿಮಾನದ ಒಂದು ನಕ್ಷತ್ರ, ಅದರ ಸುತ್ತ ಲೆನ್ಸಿಗೆ ಉಸಿರು ತಾಗಿದಂಥ ಮಬ್ಬು, ಇಷ್ಟೇ. ನಿಜಕ್ಕೂ ಲೆನ್ಸಿಗೇ ಉಸಿರು ತಾಗಿದೆಯೇ ಎಂದು ಪರೀಕ್ಷಿಸಲು ಪಕ್ಕದ ಇನ್ನೊಂದು ನಕ್ಷತ್ರ ನೋಡಿ. ಅದರ ಸುತ್ತಲೂ ಅದೇ ಮಬ್ಬಿದ್ದರೆ ಐಪೀಸಿನ ಮೇಲೆ ಇಬ್ಬನಿ ಕೂತಿದೆ. ಇದಕ್ಕೆ ಮೂರು ಸೀಳಿನ ನೀಹಾರಿಕೆ ಎಂಬ ಹೆಸರು ತಂದ ಕಪ್ಪು ಗೆರೆಗಳಿಗೆ 8 ಇಂಚು ಮತ್ತು ನಿಜವಾದ ಕತ್ತಲು ಎರಡೂ ಬೇಕು. ಫಿಲ್ಟರ್ ಹಾಕಿದಾಗ ದಕ್ಷಿಣದ ಅರ್ಧ ಎದ್ದು ಕಂಡು ಉತ್ತರದ ಅರ್ಧ ಮಾಯವಾದರೆ ಗಾಬರಿಯಾಗಬೇಡಿ. ದಕ್ಷಿಣದ್ದು ಸ್ವತಃ ಹೊಳೆಯುವ ಅನಿಲ. ಉತ್ತರದ್ದು ನಕ್ಷತ್ರದ ಬೆಳಕನ್ನು ಚದುರಿಸುವ ಧೂಳು, ಅದರ ಬೆಳಕನ್ನು ಫಿಲ್ಟರ್ ತಡೆಯುತ್ತದೆ. ಪಕ್ಕದಲ್ಲೇ ಈಶಾನ್ಯಕ್ಕೆ ಎಂ 21, ಪುಟ್ಟ ತೆರೆದ ಗುಚ್ಛ. ಕಣ್ಣು ಹಾಯಿಸಿ ಮುಂದೆ ಹೋಗಿ.

ಹಂತ 6: ಮ್ಯೂ ಹಿಡಿದು ಉತ್ತರಕ್ಕೆ

ಇಲ್ಲಿ ಟೆಲಿಸ್ಕೋಪಿಗಿಂತ ಬೈನಾಕ್ಯುಲರಿನಲ್ಲಿ ಹೆಚ್ಚು ಸುಖವಿದೆ. ಮ್ಯೂನಿಂದ ಎರಡೂವರೆ ಡಿಗ್ರಿ ಉತ್ತರಕ್ಕೆ ಒಂದೂವರೆ ಡಿಗ್ರಿ ಉದ್ದದ ನಕ್ಷತ್ರಗಳ ಹಾಸು: ಎಂ 24. ಇದು ಗುಚ್ಛವಲ್ಲ. ನಡುವೆ ಅಡ್ಡವಾಗಿರುವ ಧೂಳಿನಲ್ಲಿ ಒಂದು ಕಿಂಡಿ ತೆರೆದಿದೆ, ಅದರೊಳಗಿಂದ ಗೆಲಾಕ್ಸಿಯ ದೂರದ ತೋಳು ನಮಗೆ ಕಾಣುತ್ತದೆ. ಟೆಲಿಸ್ಕೋಪಿನಲ್ಲಿ ಇದರ ವಾಯವ್ಯ ಅಂಚಿಗೆ ಹೋಗಿ. ಅಷ್ಟು ನಕ್ಷತ್ರಗಳ ನಡುವೆ ಒಂದು ಕಪ್ಪು ಅಂಡಾಕಾರ ಸಿಗುತ್ತದೆ. ಅದು ಬರ್ನಾರ್ಡ್ 92 ಎಂಬ ಕಪ್ಪು ನೀಹಾರಿಕೆ. ಬೆಳಕನ್ನಲ್ಲ, ಬೆಳಕಿಲ್ಲದ್ದನ್ನು ಹುಡುಕುವ ಅಭ್ಯಾಸಕ್ಕೆ ಇದು ಒಳ್ಳೆಯ ಮೊದಲ ಪಾಠ.

ಎಂ 24ರಿಂದ ಮೂರೂವರೆ ಡಿಗ್ರಿ ಪೂರ್ವಕ್ಕೆ ಎಂ 25. ಈ ತೆರೆದ ಗುಚ್ಛದ ನಡುವೆ ಯು ಸ್ಯಾಜಿಟೇರಿ ಎಂಬ ಹಳದಿ ನಕ್ಷತ್ರವಿದೆ. ಇದು ಸೆಫೀಡ್ ಜಾತಿಯದು, ಹಿಗ್ಗುತ್ತ ಕುಗ್ಗುತ್ತ ಹೊಳಪು ಬದಲಿಸುತ್ತದೆ. ಒಂದು ಸುತ್ತಿಗೆ ಸುಮಾರು 6.7 ದಿನ. ವಾರವಿಡೀ ಆಕಾಶ ತಿಳಿಯಾಗಿದ್ದರೆ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಡಿ, ಏರಿಳಿತ ನೀವೇ ಹಿಡಿಯಬಹುದು. ಮ್ಯೂನಿಂದ ನಾಲ್ಕೂವರೆ ಡಿಗ್ರಿ ವಾಯವ್ಯದ ಎಂ 23 ಕೂಡ ತೆರೆದ ಗುಚ್ಛ. ಹುಣ್ಣಿಮೆ ಚಂದ್ರನಷ್ಟು ಅಗಲದಲ್ಲಿ ನೂರಕ್ಕೂ ಹೆಚ್ಚು ಸಮನಾದ ಚುಕ್ಕಿಗಳು. ಯಾರೂ ಇದರ ಹೆಸರೆತ್ತುವುದಿಲ್ಲ, ಯಾಕೋ ಗೊತ್ತಿಲ್ಲ. ನನಗೆ ಎಂ 25ಕ್ಕಿಂತ ಇದೇ ಇಷ್ಟ.

ಎಂ 24ರ ಉತ್ತರ ತುದಿಯಿಂದ ಮೇಲೆ ಹೋಗುವಾಗ ಎಂ 18 ಎಂಬ ಬಡಪಾಯಿ ಗುಚ್ಛ ಸಿಗುತ್ತದೆ. ಅದನ್ನು ದಾರಿಗಲ್ಲಾಗಿ ಬಳಸಿ. ಅಲ್ಲಿಂದ ಸರಿಯಾಗಿ ಒಂದು ಡಿಗ್ರಿ ಉತ್ತರಕ್ಕೆ ಎಂ 17, ಹಂಸ ನೀಹಾರಿಕೆ. 1745ರಲ್ಲಿ ಸ್ವಿಸ್ ಖಗೋಳಜ್ಞ ಶೆಸೋ ಇದನ್ನು ಕಂಡುಹಿಡಿದರು. ಗಾತ್ರದಲ್ಲಿ ಎಂ 8ಕ್ಕಿಂತ ಚಿಕ್ಕದಾದರೂ ಮೇಲ್ಮೈ ಹೊಳಪು ಹೆಚ್ಚು. (ಒಟ್ಟು ಬೆಳಕು ಎಷ್ಟು ಜಾಗಕ್ಕೆ ಹರಡಿದೆ ಎಂಬ ಲೆಕ್ಕವೇ ಮೇಲ್ಮೈ ಹೊಳಪು. ಕಾಂತಿಮಾನದ ಸಂಖ್ಯೆಯೊಂದನ್ನೇ ನಂಬಬಾರದು ಎನ್ನುವುದು ಇದಕ್ಕೆ.) ಮೊದಲು ಕಾಣುವುದು ಚಿಕ್ಕದೊಂದು ಬೆಳಕಿನ ಪಟ್ಟಿ. ಅದರ ಒಂದು ತುದಿಯಲ್ಲಿ ಕೊಕ್ಕೆಯಂಥ ಬಾಗು, ಬಾಗಿನೊಳಗೆ ಹಿನ್ನೆಲೆಗಿಂತಲೂ ಕಪ್ಪಾದ ಒಂದು ಗೂಡು. ಪಟ್ಟಿ ಹಂಸದ ಮೈ, ಕೊಕ್ಕೆ ಕತ್ತು. ನಿಮ್ಮ ಟೆಲಿಸ್ಕೋಪ್ ಚಿತ್ರವನ್ನು ಹೇಗೆ ತಿರುಗಿಸುತ್ತದೆ ಎಂಬುದರ ಮೇಲೆ ಹಂಸ ತಲೆಕೆಳಗಾಗಿ ಈಜಬಹುದು. ಓ-3 ಫಿಲ್ಟರ್ ಇದ್ದವರು ಇಲ್ಲಿ ಹಾಕಲೇಬೇಕು, ಇಡೀ ರಾಶಿಯಲ್ಲಿ ಫಿಲ್ಟರಿಗೆ ಇಷ್ಟು ಚೆನ್ನಾಗಿ ಸ್ಪಂದಿಸುವ ಇನ್ನೊಂದು ಕಾಯವಿಲ್ಲ. ಎಂ 8ರಂತಲ್ಲದೆ ಇದು ವರ್ಧನೆಯನ್ನೂ ತಡೆದುಕೊಳ್ಳುತ್ತದೆ, 80ರಿಂದ 100 ಪಟ್ಟಿನಲ್ಲೂ ನೋಡಿ.

ಹಂತ 7: ಮೂತಿಯ ಮೇಲಿನ ಮಸಿಬೊಟ್ಟು

ಗ್ಯಾಮಾದಿಂದ ಎರಡೂವರೆ ಡಿಗ್ರಿ ಉತ್ತರಕ್ಕೆ ಎನ್‌ಜಿಸಿ 6520, ಪುಟ್ಟ ತೆರೆದ ಗುಚ್ಛ. ಅದರ ಪಶ್ಚಿಮಕ್ಕೆ ಅಂಟಿಕೊಂಡಂತೆ ಬರ್ನಾರ್ಡ್ 86 ಎಂಬ ಕಪ್ಪು ನೀಹಾರಿಕೆ. ಸುತ್ತ ನಕ್ಷತ್ರಗಳು ಒತ್ತೊತ್ತಾಗಿರುವುದರಿಂದ ಈ ಕಪ್ಪು ತುಣುಕು ಕತ್ತರಿಸಿ ತೆಗೆದಷ್ಟು ಸ್ಪಷ್ಟ. ಇದಕ್ಕೆ 80 ಪಟ್ಟಿನಷ್ಟು ವರ್ಧನೆ ಬೇಕು, ಆಕಾಶವೂ ಕತ್ತಲಾಗಿರಬೇಕು. ಊರಿನ ಬೆಳಕಿನಲ್ಲಿ ಗುಚ್ಛ ಮಾತ್ರ ಕಂಡೀತು.

ಹಂತ 8: ಟೀಪಾಟಿನ ತಳ

ಇಲ್ಲಿನ ಮೂರು ಗೋಳೀಯ ಗುಚ್ಛಗಳು ಇನ್ನೂ ದಕ್ಷಿಣಕ್ಕಿವೆ. ಹಾಗಾಗಿ ಟೀಪಾಟ್ ನೇರ ದಕ್ಷಿಣಕ್ಕೆ ಬಂದ ಹೊತ್ತನ್ನು ಇವುಗಳಿಗೆ ಮೀಸಲಿಡಿ. ಎಪ್ಸಿಲಾನಿನಿಂದ ಎರಡೂವರೆ ಡಿಗ್ರಿ ಈಶಾನ್ಯಕ್ಕೆ ಎಂ 69. ಅಲ್ಲಿಂದ ಅಷ್ಟೇ ದೂರ ಪೂರ್ವಕ್ಕೆ ಎಂ 70. ಎಪ್ಸಿಲಾನ್ ಮತ್ತು ಜೀಟಾ ನಡುವಿನ ಸರಿಯರ್ಧದಲ್ಲಿದೆ. ಜೀಟಾದಿಂದ ಒಂದೂಮುಕ್ಕಾಲು ಡಿಗ್ರಿ ನೈಋತ್ಯಕ್ಕೆ ಎಂ 54. ಮೂರೂ ಪುಟ್ಟ ಮಬ್ಬು ಉಂಡೆಗಳು. 8 ಇಂಚಿನಲ್ಲೂ ಬಿಡಿನಕ್ಷತ್ರಗಳಾಗಿ ಒಡೆಯಲು ಹಟ ಮಾಡುತ್ತವೆ, ಎಂ 54 ಅಂತೂ ಒಡೆಯುವುದೇ ಇಲ್ಲ. ಅದಕ್ಕೆ ಕಾರಣವಿದೆ: ಅದು ಇರುವುದು ಸುಮಾರು 87,000 ಜ್ಯೋತಿರ್ವರ್ಷ ದೂರದಲ್ಲಿ. ಮೆಸ್ಸಿಯೇ 1778ರಲ್ಲಿ ಕಂಡ ಈ ಗುಚ್ಛ ನಮ್ಮ ಗೆಲಾಕ್ಸಿಯದಲ್ಲ, 1994ರಲ್ಲಿ ಪತ್ತೆಯಾದ ಧನು ಕುಬ್ಜ ಗೆಲಾಕ್ಸಿಗೆ ಸೇರಿದ್ದು ಎಂಬುದು ಆಮೇಲೆ ತಿಳಿಯಿತು.

ನೋಟದಲ್ಲಿರುವುದನ್ನೆಲ್ಲ ನಕ್ಷೆಯೊಂದಿಗೆ ತಾಳೆ ನೋಡುವ ಅಭ್ಯಾಸವನ್ನು ಇಲ್ಲೇ ಶುರು ಮಾಡಿ. 1995ರ ಜುಲೈ 23ರ ರಾತ್ರಿ ಅಲನ್ ಹೇಲ್ ಮತ್ತು ಥಾಮಸ್ ಬಾಪ್, ಬೇರೆ ಬೇರೆ ಜಾಗಗಳಿಂದ, ಎಂ 70 ನೋಡುತ್ತಿದ್ದಾಗ ಪಕ್ಕದಲ್ಲಿ ನಕ್ಷೆಯಲ್ಲಿಲ್ಲದ ಇನ್ನೊಂದು ಮಬ್ಬನ್ನು ಕಂಡರು. ಎರಡು ವರ್ಷದ ನಂತರ ಬರಿಗಣ್ಣಿಗೇ ಎದ್ದು ಕಂಡ ಹೇಲ್-ಬಾಪ್ ಧೂಮಕೇತು ಅದೇ.

ಜೀಟಾದಿಂದ ಎಂಟು ಡಿಗ್ರಿ ಪೂರ್ವಕ್ಕೆ, ದಾರಿಗಲ್ಲುಗಳಿಲ್ಲದ ಬಯಲಿನಲ್ಲಿ ಎಂ 55 ಇದೆ. ಇದು ಅಗಲವಾದ, ಸಡಿಲವಾದ ಗೋಳೀಯ ಗುಚ್ಛ. ಬೈನಾಕ್ಯುಲರಿನಲ್ಲಿ ಮೊದಲು ಹಿಡಿದುಕೊಳ್ಳಿ. ಫ್ರೆಂಚ್ ಖಗೋಳಜ್ಞ ಲಕಾಯ್ ಇದನ್ನು 1752ರಲ್ಲಿ ದಕ್ಷಿಣ ಆಫ್ರಿಕಾದಿಂದ ಸುಲಭವಾಗಿ ಕಂಡರು. ಪ್ಯಾರಿಸ್‌ನಲ್ಲಿದ್ದ ಮೆಸ್ಸಿಯೇ 1764ರಲ್ಲಿ ಹುಡುಕಿ ಸೋತು, 1778ರಲ್ಲಷ್ಟೇ ಗೆದ್ದರು. ಬಾನಂಚಿನ ಮಬ್ಬು ಎಂಥವರನ್ನೂ ಸತಾಯಿಸುತ್ತದೆ. ನಿಮಗೆ ಒಂದು ರಾತ್ರಿ ಸಿಗದಿದ್ದರೆ ಇನ್ನೂ ತಿಳಿಯಾದ ರಾತ್ರಿಗೆ ಕಾಯಿರಿ.

ಹಂತ 9: ಕೈ ಪಳಗಿದ ಮೇಲೆ

ರಾಶಿಯ ಈಶಾನ್ಯ ಮೂಲೆಯಲ್ಲಿ, ಟೀಪಾಟಿನಿಂದ ಬಹು ದೂರದಲ್ಲಿ ಒಂದು ಜೋಡಿ ಇದೆ. ಎನ್‌ಜಿಸಿ 6818 ಗ್ರಹಾಕಾರದ ನೀಹಾರಿಕೆ. ಹೆಸರು ಹಾಗಿದ್ದರೂ ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಯುತ್ತಿರುವ ನಕ್ಷತ್ರ ಕಳಚಿದ ಅನಿಲದ ಚಿಪ್ಪು ಇದು. ಕಡಿಮೆ ವರ್ಧನೆಯಲ್ಲಿ ಬರೀ ನಕ್ಷತ್ರದಂತೆ ಕಾಣುವುದರಿಂದ ಎದುರಿಗಿದ್ದರೂ ದಾಟಿಹೋಗುತ್ತೀರಿ. ಅನುಮಾನ ಬಂದ ಚುಕ್ಕಿಯ ಮೇಲೆ 120 ಪಟ್ಟಿಗೆ ಹೋಗಿ, ನೀಲಿಹಸಿರು ಛಾಯೆಯ ಪುಟ್ಟ ಬಿಲ್ಲೆ ತೆರೆದುಕೊಳ್ಳುತ್ತದೆ. ಕಣ್ಣಿಗೂ ಐಪೀಸಿಗೂ ನಡುವೆ ಓ-3 ಫಿಲ್ಟರನ್ನು ಹಿಡಿದು ತೆಗೆದು ಮಾಡಿದರೆ ಉಳಿದ ನಕ್ಷತ್ರಗಳು ಮಂಕಾಗುತ್ತವೆ, ಇದೊಂದು ಹಾಗೇ ಉಳಿಯುತ್ತದೆ.

ಅಲ್ಲಿಂದ ಮುಕ್ಕಾಲು ಡಿಗ್ರಿಗೂ ಕಡಿಮೆ ದಕ್ಷಿಣಕ್ಕೆ ಎನ್‌ಜಿಸಿ 6822, ಬರ್ನಾರ್ಡ್ ಗೆಲಾಕ್ಸಿ. 1884ರಲ್ಲಿ ಅಮೆರಿಕದ ಖಗೋಳಜ್ಞ ಇ. ಇ. ಬರ್ನಾರ್ಡ್ ಇದನ್ನು ಕಂಡದ್ದು 6 ಇಂಚಿನ ವಕ್ರೀಭವನ ದೂರದರ್ಶಕದಲ್ಲಿ. ಇದೇ ಗೆಲಾಕ್ಸಿಯ ಸೆಫೀಡ್ ನಕ್ಷತ್ರಗಳನ್ನು ಅಳೆದು ಎಡ್ವಿನ್ ಹಬಲ್ 1925ರಲ್ಲಿ ಇದು ಆಕಾಶಗಂಗೆಯ ಹೊರಗಿದೆ ಎಂದು ತೋರಿಸಿದರು. ದೂರ ಸುಮಾರು 16 ಲಕ್ಷ ಜ್ಯೋತಿರ್ವರ್ಷ. ಪುಸ್ತಕದಲ್ಲಿ ಕಾಂತಿಮಾನ 9ರ ಆಸುಪಾಸು ಎಂದಿರುತ್ತದೆ. ಅದನ್ನು ನಂಬಿ ಹೋದರೆ ನಿರಾಸೆ ಖಚಿತ, ಏಕೆಂದರೆ ಅಷ್ಟೂ ಬೆಳಕು ಅಗಲಕ್ಕೆ ಹರಡಿಹೋಗಿದೆ. ದೊಡ್ಡ ಟೆಲಿಸ್ಕೋಪಿನ ಹೆಚ್ಚು ವರ್ಧನೆಗಿಂತ ಚಿಕ್ಕ ಟೆಲಿಸ್ಕೋಪಿನ 25, 30 ಪಟ್ಟು ಇಲ್ಲಿ ಗೆಲ್ಲುತ್ತದೆ. 6818ನ್ನು ನಡುವಿಗೆ ತಂದು, ಕಡಿಮೆ ವರ್ಧನೆಯ ಐಪೀಸ್ ಹಾಕಿ, ಫಿಲ್ಟರ್ ತೆಗೆದು, ಕೊಳವೆಯನ್ನು ಮೆಲ್ಲನೆ ದಕ್ಷಿಣಕ್ಕೂ ಉತ್ತರಕ್ಕೂ ಆಡಿಸಿ. ಹಿನ್ನೆಲೆ ಒಂದು ಕಡೆ ತುಸು ಬೆಳ್ಳಗಾಗಿ ಮತ್ತೆ ಕಪ್ಪಾದರೆ ಅದೇ ಗೆಲಾಕ್ಸಿ. ಎರಡು ಮೂರು ಸಲ ಅದೇ ಜಾಗದಲ್ಲಿ ಹಾಗಾಗುತ್ತದೆಯೇ ಎಂದು ನೋಡಿದ ಮೇಲಷ್ಟೇ ಕಂಡೆ ಎಂದು ಬರೆದುಕೊಳ್ಳಿ.